ಮಂಡ್ಯ ಸೀಮೆಯ ಬೆಳೆ ಸಂಶೋಧನೆಯೂ ತರುಣ ಸಸ್ಯವಿಜ್ಞಾನಿಗಳ ಪೋಷಣೆಯೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕೋಟೆ ಕೊತ್ತಲಗಳನ್ನೂ ದೇವಾಲಯಗಳನ್ನೂ ಶಾಸನಗಳನ್ನೂ ಕುರಿತು ಬರೆದಿದ್ದಾರೆ. ನೀರಾವರಿಯ ಚರಿತ್ರೆಗೆ ಕೈಹಾಕಿದವರು ಕನ್ನಂಬಾಡಿಯ ಕಟ್ಟೆಯನ್ನೂ ನಾಲೆಗಳನ್ನೂ ವರ್ಣಿಸಿದ್ದಾರೆ. ನೀರು ಹರಿದ ನೆಲದಲ್ಲಿ ಯಾವ ತಳಿಯನ್ನು ಬಿತ್ತಬೇಕು, ನೀರು ಹರಿಯದ ನೆಲದಲ್ಲಿ ಯಾವುದು ನಿಂತೀತು, ಬೆಳೆಗೆ ತಗುಲಿದ ರೋಗಕ್ಕೆ ಕಾರಣವೇನು ಎಂಬುದನ್ನು ಕಂಡುಹಿಡಿಯತಕ್ಕ ವಿದ್ಯಾವಂತರು ಎಲ್ಲಿಂದ ಬಂದರು, ಅವರ ಮೊದಲ ವರ್ಷಗಳಲ್ಲಿ ಅವರಿಗೆ ಆಸರೆಯಾದವರು ಯಾರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಹೊಸ ತಳಿಯೊಂದು ಸಿದ್ಧವಾಗುವುದಕ್ಕೆ ಹತ್ತು ವರ್ಷಗಳ ಸುಮಾರು ಕಾಲ ಹಿಡಿಯುತ್ತದೆ. ಅಷ್ಟು ಕಾಲ ಒಂದೆಡೆ ನಿಂತು ಕೆಲಸಮಾಡುವ ಮನುಷ್ಯನಿಲ್ಲದಿದ್ದರೆ ತಳಿಯೂ ಇಲ್ಲ. ತರುಣ ಸಂಶೋಧಕನ ಮೊದಲ ಹತ್ತು ವರ್ಷಗಳನ್ನು ಸಮಾಜ ಹೇಗೆ ನಡೆಸಿಕೊಳ್ಳುತ್ತದೆ ಎಂಬುದಕ್ಕೂ ನಾಗಮಂಗಲದ ರೈತನ ಕಣದಲ್ಲಿ ಎಷ್ಟು ರಾಗಿ ಬೀಳುತ್ತದೆ ಎಂಬುದಕ್ಕೂ ನೇರವಾದ ಸಂಬಂಧವಿದೆ.

೧. ಉದ್ಯಾನಗಳು, ಆದರೆ ಹುದ್ದೆಗಳಲ್ಲ

ಶ್ರೀರಂಗಪಟ್ಟಣದಲ್ಲಿ ಸಸ್ಯಗಳ ಬಗೆಗೆ ಆಸಕ್ತಿ ಹಳೆಯದು. ದ್ವೀಪದ ಪೂರ್ವಭಾಗದಲ್ಲಿ, ಗಂಜಾಮಿನ ಬಳಿ, ಟಿಪ್ಪು ಸುಲ್ತಾನನ ಲಾಲ್‌ಬಾಗ್ ಇದ್ದಿತು. ೧೭೮೮ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಕುಶಲಕರ್ಮಿಗಳೊಡನೆ ಬೀಜಗಳನ್ನೂ ಸಸಿಗಳನ್ನೂ ತೋಟಗಾರರನ್ನೂ ಕೇಳಿದುದು ಪ್ರಸಿದ್ಧ ಸಂಗತಿ. ದೊರೆಯ ಅಭಿರುಚಿಯಿಂದ ತೋಟ ಬೆಳೆಯಿತು. ತೋಟದಲ್ಲಿ ದುಡಿದವರ ಅರಿವು ತಂದೆಯಿಂದ ಮಗನಿಗೆ ಬಾಯಿಂದ ಬಾಯಿಗೆ ಸಾಗಿತು. ಆ ಅರಿವನ್ನು ಬರೆದಿಡುವ, ಪರೀಕ್ಷಿಸುವ, ಮುಂದಿನವರಿಗೆ ಕಲಿಸುವ ಸ್ಥಾನವೊಂದು ಮಾತ್ರ ಏರ್ಪಡಲಿಲ್ಲ.

೧೭೯೯ರಲ್ಲಿ ಪಟ್ಟಣ ಬಿದ್ದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕನನ್ ಈ ಸೀಮೆಗೆ ಬಂದನು. ಶ್ರೀರಂಗಪಟ್ಟಣದ ಸುತ್ತಿನ ಗದ್ದೆಗಳನ್ನೂ ಮೇಲುಕೋಟೆ ತೊಣ್ಣೂರುಗಳ ನೆಲವನ್ನೂ ಕಂಡು, ಬೆಳೆ, ಮಣ್ಣು, ಉಳುಮೆ, ಕಂದಾಯಗಳನ್ನು ಕುರಿತು ಅವನು ಬರೆದ ಮೂರು ಸಂಪುಟಗಳು ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಇಂದಿಗೂ ಈ ಪ್ರಾಂತದ ಬೇಸಾಯದ ಚರಿತ್ರೆಗೆ ಅದು ಮೂಲಾಧಾರಗಳಲ್ಲೊಂದು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರವನ್ನು ಚೆನ್ನಾಗಿ ಕಲಿತಿದ್ದ ಬುಕನನ್ ಹೊಟ್ಟೆಪಾಡಿಗೆ ಕಂಪನಿಯ ವೈದ್ಯನಾಗಿದ್ದನು. ೧೭೬೨ರಲ್ಲಿ ಹುಟ್ಟಿದ ಅವನಿಗೆ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರ ದೊರೆತದ್ದು ೧೮೧೪ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ. ಮರುವರ್ಷವೇ ಅವನು ಸ್ವದೇಶಕ್ಕೆ ಹಿಂದಿರುಗಿದನು. ಅದೇ ಕಾಲದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತ ಬೆಂಜಮಿನ್ ಹೈನೆಯೂ ವೈದ್ಯನೇ. ಸಸ್ಯವಿದ್ಯೆ ಆಗ ಬೇರೊಂದು ವೃತ್ತಿಯ ಬೆನ್ನ ಮೇಲೆ ಕುಳಿತು ಸಾಗಬೇಕಾದ ವಿದ್ಯೆಯಾಗಿತ್ತು. ಅದೇ ಒಂದು ವೃತ್ತಿಯಾಗುವುದಕ್ಕೆ ಮೈಸೂರು ಇನ್ನೊಂದು ಶತಮಾನ ಕಾಯಬೇಕಾಯಿತು.

೨. ಹೆಬ್ಬಾಳದ ಪಾಠ

ಆ ಶತಮಾನದ ಕೊನೆಗೆ, ೧೮೯೯ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಮೂವತ್ತು ಎಕರೆ ನೆಲವನ್ನು ಬೇಸಾಯದ ಪ್ರಯೋಗಕ್ಕೆಂದು ಕೊಟ್ಟರು. ರಸಾಯನಶಾಸ್ತ್ರಜ್ಞ ಲೆಹ್‌ಮನ್ನರು ಅಲ್ಲಿ ಕೆಲಸವನ್ನು ಆರಂಭಿಸಿದರು. ೧೯೦೮ರಲ್ಲಿ ಲೆಸ್ಲಿ ಕೋಲ್‌ಮನ್ ಎಂಬ ಕೆನಡ ದೇಶದ ತರುಣ ವಿಜ್ಞಾನಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರಿನ ಸೇವೆಗೆ ಸೇರಿದರು. ಅವರಿಗೆ ಆಗ ವಯಸ್ಸು ಮೂವತ್ತು. ಟೊರಾಂಟೊದಲ್ಲಿ ಓದಿ ಗಟಿಂಗೆನ್ನಿನಲ್ಲಿ ಡಾಕ್ಟರೇಟ್ ಪಡೆದು ಬಂದವರು. ಮಲೆನಾಡಿನ ಅಡಕೆಯ ಕೊಳೆರೋಗ, ಭತ್ತದ ಮಿಡತೆ, ಜೋಳದ ಮಿಡತೆ, ಗಂಧದ ಮರದ ಸ್ಪೈಕ್ ರೋಗ ಇವೆಲ್ಲ ಅವರ ಕೈಯಲ್ಲಿ ಶಾಸ್ತ್ರೀಯ ಅಧ್ಯಯನದ ವಿಷಯಗಳಾದವು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಅಡಕೆಯ ಗೊನೆಗೆ ಸಿಂಪಡಿಸುವ ಪದ್ಧತಿ ಮಲೆನಾಡಿನಲ್ಲಿ ಹರಡಿದುದು ಅವರ ಪ್ರಯತ್ನದಿಂದ.

ಕೋಲ್‌ಮನ್ನರ ಸಂಶೋಧನೆಗಳ ವಿಚಾರವಾಗಿ ಸಾಕಷ್ಟು ಬರೆದಿದ್ದಾರೆ. ನಮ್ಮ ಪ್ರಶ್ನೆಗೆ ಮುಖ್ಯವಾದುದು ಅವರು ತಮ್ಮ ಸಹಾಯಕರನ್ನು ನಡೆಸಿಕೊಂಡ ರೀತಿ. ಅದರಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು.

ಮೊದಲನೆಯದು ಹೆಸರು. ಭತ್ತದ ಮಿಡತೆಯನ್ನು ಕುರಿತು ಮೈಸೂರು ಬೇಸಾಯ ಇಲಾಖೆ ೧೯೧೧ರಲ್ಲಿ ಪ್ರಕಟಿಸಿದ ಪುಸ್ತಿಕೆಯ ಮುಖಪುಟದಲ್ಲಿ ಕೋಲ್‌ಮನ್ನರ ಹೆಸರಿನೊಡನೆ ಅವರ ಸಹಾಯಕ ಕುಞಿಕಣ್ಣನ್ನರ ಹೆಸರೂ ಇದೆ. ಕಣ್ಣೂರಿನವರಾದ ಕುಞಿಕಣ್ಣನ್ ಆಗ ಇಪ್ಪತ್ತೇಳರ ಆಸುಪಾಸಿನವರು. ಸಹಾಯಕನು ಹೊಲದಲ್ಲಿ ಕಂಡುದನ್ನು ಮೇಲಧಿಕಾರಿಯ ಹೆಸರಿನಲ್ಲಿ ಅಚ್ಚುಹಾಕಿಸುವುದು ಅಂದಿನ ಆಡಳಿತಕ್ಕೆ ಹೊಸದೇನಾಗಿರಲಿಲ್ಲ. ವಿಜ್ಞಾನದಲ್ಲಿ ಕೂಲಿಗಿಂತ ಬಾಳುವ ಆಸ್ತಿಯೆಂದರೆ ಹೆಸರು. ಅದನ್ನು ತರುಣನಿಗೆ ಆರಂಭದಲ್ಲಿಯೇ ಕೊಟ್ಟುದು ಸಣ್ಣ ಕೆಲಸವಲ್ಲ.

ಎರಡನೆಯದು ಹೊರದೇಶದ ವ್ಯಾಸಂಗ. ಕುಞಿಕಣ್ಣನ್ನರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ, ಸಂಸ್ಥಾನದ ಕೀಟಶಾಸ್ತ್ರಜ್ಞರ ಹುದ್ದೆಗೇರಿದ ಮೊದಲ ಭಾರತೀಯರಾದರು. ಕಡಲೆಕಾಯಿಯ ತಳಿಗಳ ಆನುವಂಶಿಕತೆಯ ಮೇಲೆ ಕೆಲಸಮಾಡಿದ ಬಾದಾಮಿಯವರು ೧೯೨೮ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಹೊರಗೆ ಹೋದವರಿಗೆ ಹಿಂದಿರುಗಿ ಬರಲು ಇಲ್ಲಿ ಒಂದು ಸ್ಥಾನ, ಒಂದು ಹೊಲ, ಒಂದು ಸಮಸ್ಯೆ ಕಾದಿರುತ್ತಿದ್ದವು. ವಿದ್ಯಾರ್ಥಿವೇತನಕ್ಕಿಂತಲೂ ಈ ಕಾದಿರುವಿಕೆಯೇ ಮುಖ್ಯವೆಂದು ನಮಗೆ ತೋರುತ್ತದೆ.

ಮೂರನೆಯದು ಸ್ವತಂತ್ರವಾದ ಸಮಸ್ಯೆ. ಕೊಳೆರೋಗದ ಶಿಲೀಂಧ್ರವನ್ನು ಕೋಲ್‌ಮನ್ನರು ೧೯೧೦ರಲ್ಲಿ ವರ್ಣಿಸಿದ್ದರು. ಅದೇ ಬಳಗದ ಶಿಲೀಂಧ್ರಗಳನ್ನು ಎಂ. ಜೆ. ನರಸಿಂಹನ್ನರು ಮುಂದೆ ಕೈಗೆತ್ತಿಕೊಂಡು, ಬೇರೆಬೇರೆ ಮೂಲದ ಎರಡು ಎಳೆಗಳನ್ನು ಜೊತೆಯಾಗಿ ಬೆಳಸಿದಾಗಲೇ ಅವುಗಳ ಲೈಂಗಿಕ ಬೀಜಾಣುಗಳು ಉಂಟಾಗುತ್ತವೆಂಬ ಸಂಗತಿಯನ್ನು ೧೯೩೦ರಲ್ಲಿ ಅಮೆರಿಕದ ಸಸ್ಯರೋಗಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಗುರು ತೆರೆದ ಬಾಗಿಲಿನಿಂದ ಶಿಷ್ಯನು ಗುರುವಿಗಿಂತ ಒಂದು ಕೋಣೆ ಮುಂದಕ್ಕೆ ಹೋದುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ದೋಷಗಳನ್ನು ಮರೆಯುವಂತಿಲ್ಲ. ಅದು ಬಹುಮಟ್ಟಿಗೆ ಒಬ್ಬ ಮೇಲಧಿಕಾರಿಯ ಸೌಜನ್ಯವನ್ನು ಅವಲಂಬಿಸಿತ್ತು. ಮೇಲಿನ ಹುದ್ದೆಗಳು ಹೊರಗಿನವರ ಕೈಯಲ್ಲಿದ್ದುದರಿಂದ ಇಲ್ಲಿಯವರು ದೀರ್ಘಕಾಲ ಸಹಾಯಕರಾಗಿಯೇ ಇರಬೇಕಾಗುತ್ತಿತ್ತು. ಕುಞಿಕಣ್ಣನ್ನರು ೧೯೩೧ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು; ಅವರು ಸ್ವತಂತ್ರಾಧಿಕಾರದಿಂದ ಕೆಲಸಮಾಡಿದ ಕಾಲ ಸಹಾಯಕರಾಗಿದ್ದ ಕಾಲಕ್ಕಿಂತ ಕಡಿಮೆ. ಒಳ್ಳೆಯ ಹಿರಿಯರು ದೊರಕುವುದು ಅದೃಷ್ಟ. ಅದೃಷ್ಟವನ್ನು ನಿಯಮವನ್ನಾಗಿ ಮಾರ್ಪಡಿಸುವುದು ಸಂಸ್ಥೆಗಳ ಕೆಲಸ.

೩. ನಾಲೆಯ ದಡದ ಫಾರಂ

೧೯೧೧ರಲ್ಲಿ ಮೊದಲಾದ ಕೃಷ್ಣರಾಜಸಾಗರದ ಕಾಮಗಾರಿ ೧೯೩೦ರ ದಶಕದ ಆರಂಭದಲ್ಲಿ ಮುಗಿಯಿತು. ಮೊದಲು ಇರ್ವಿನ್ ನಾಲೆಯೆಂದು ಕರೆಸಿಕೊಂಡು ಅನಂತರ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಎಡದಂಡೆಯ ನಾಲೆ, ಹುಲಿಕೆರೆಯ ಸುರಂಗವನ್ನು ಹಾದು, ಅದುವರೆಗೆ ಮಳೆಯನ್ನೇ ನಂಬಿದ್ದ ನೆಲಕ್ಕೆ ಕಾವೇರಿಯ ನೀರನ್ನು ತಂದಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ರೈತನು ಒಮ್ಮೆಗೇ ಕಬ್ಬು, ಭತ್ತಗಳ ಬೇಸಾಯಗಾರನಾಗಬೇಕಾಯಿತು. ನೀರು ಕೊಡುವ ಸರದಿಯ ಪದ್ಧತಿ, ಮಣ್ಣಿನಲ್ಲಿ ನೀರು ನಿಲ್ಲುವ ತೊಂದರೆ, ಹೊಸ ಬೆಳೆಗೆ ಹೊಸ ರೋಗ ಇವೆಲ್ಲಕ್ಕೂ ಸ್ಥಳದಲ್ಲಿಯೇ ಉತ್ತರ ಕಂಡುಹಿಡಿಯಬೇಕಾಗಿತ್ತು. ಈ ಉದ್ದೇಶದಿಂದ ಮಂಡ್ಯದ ಬಳಿ ೧೯೩೧ರಲ್ಲಿ ಸ್ಥಾಪಿತವಾದ ಪ್ರಯೋಗಕ್ಷೇತ್ರವೇ ಇಂದಿನ ವಿ. ಸಿ. ಫಾರಂ. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಹೆಬ್ಬಾಳದಲ್ಲಿ ಸಿದ್ಧಪಡಿಸಿದ ಎಚ್. ಎಂ. ಶ್ರೇಣಿಯ ಕಬ್ಬುಗಳು ಕಾರ್ಖಾನೆಯ ಸೀಮೆಯಲ್ಲಿ ಬೇರೂರಿದವು.

ತರುಣ ಸಂಶೋಧಕನ ದೃಷ್ಟಿಯಿಂದ ಈ ಫಾರಮ್ಮಿನ ಮಹತ್ತ್ವ ಎರಡು ಬಗೆಯದು. ನಾಲೆಯ ನೀರಿರುವುದರಿಂದ ಮಳೆಗಾಲದ ಬೆಳೆಯಲ್ಲದೆ ಬೇಸಗೆಯಲ್ಲಿಯೂ ಬೆಳೆ ತೆಗೆಯಬಹುದು. ಮಳೆಯಾಶ್ರಯದ ಕ್ಷೇತ್ರದಲ್ಲಿ ವರ್ಷಕ್ಕೊಂದು ಪೀಳಿಗೆಯನ್ನು ಮಾತ್ರ ಕಾಣುವ ತಳಿಗಾರ ಇಲ್ಲಿ ಎರಡನ್ನು ಕಾಣಬಲ್ಲ. ಎರಡನೆಯದಾಗಿ, ಫಾರಮ್ಮಿನಿಂದ ಒಂದು ದಿನದ ಪ್ರಯಾಣದೊಳಗೆ ಬೇಸಾಯದ ಎಲ್ಲ ಬಗೆಗಳೂ ಇವೆ. ಶ್ರೀರಂಗಪಟ್ಟಣದಲ್ಲಿ ಅರಸರ ಕಾಲದ ಕಟ್ಟುಕಾಲುವೆಗಳ ಹಳೆಯ ಗದ್ದೆಬಯಲು. ಪಾಂಡವಪುರದಲ್ಲಿ ಒಂದು ಕಡೆ ತೊಣ್ಣೂರಿನ ಕೆರೆ, ನಾಲೆಯ ಕಬ್ಬು, ಇನ್ನೊಂದು ಕಡೆ ಮೇಲುಕೋಟೆಯ ಕಲ್ಲುಗುಡ್ಡ. ಕೃಷ್ಣರಾಜಪೇಟೆಯಲ್ಲಿ ಮಂದಗೆರೆಯ ಅಣೆಕಟ್ಟಿನಿಂದ ಹೊರಟ ಹೇಮಾವತಿಯ ಕಾಲುವೆಗಳು, ಅವುಗಳಾಚೆ ಒಣಹೊಲ. ನಾಗಮಂಗಲದಲ್ಲಿ ಕೆಂಪುಮಣ್ಣಿನ ಬಾರೆ, ಅಲ್ಲಿ ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲು. ಫಾರಮ್ಮಿನ ಮಡಿಯಲ್ಲಿ ಗೆದ್ದ ತಳಿ ನಾಗಮಂಗಲದ ಬಾರೆಯಲ್ಲಿ ಸೋಲಬಹುದು. ಆ ಸೋಲನ್ನು ಕಣ್ಣಾರೆ ಕಾಣುವುದೇ ತರುಣ ವಿಜ್ಞಾನಿಯ ನಿಜವಾದ ವಿದ್ಯಾಭ್ಯಾಸ. ಯಾವ ಪುಸ್ತಕವೂ ಕಲಿಸದ ಪಾಠವನ್ನು ಈ ನಾಲ್ಕು ತಾಲ್ಲೂಕುಗಳು ಕಲಿಸಬಲ್ಲವು.

೪. ರಾಗಿಯೂ ಲಕ್ಷ್ಮಣಯ್ಯನವರೂ

ರಾಗಿಯ ಸುಧಾರಣೆಗೆ ಕೋಲ್‌ಮನ್ನರ ಕಾಲದಲ್ಲಿಯೇ ತಳಹದಿ ಬಿದ್ದಿತ್ತು. ಮೈಸೂರಿನ ರಾಗಿ ಬೇಸಾಯವನ್ನು ಕುರಿತ ಅವರ ಪುಸ್ತಿಕೆ ೧೯೨೦ರಲ್ಲಿ ಹೊರಬಂದಿತು. ಆಗಿನ ಕ್ರಮ ಆಯ್ಕೆಯ ಕ್ರಮ. ರೈತರ ಹೊಲದ ಬೆರಕೆ ರಾಗಿಯಿಂದ ಒಳ್ಳೆಯ ತೆನೆಗಳನ್ನು ಆರಿಸಿ, ಒಂದೊಂದರ ಕಾಳನ್ನೂ ಬೇರೆಬೇರೆ ಸಾಲಿನಲ್ಲಿ ಬಿತ್ತಿ, ಗೆದ್ದ ಸಾಲನ್ನು ಉಳಿಸಿಕೊಳ್ಳುವುದು. ಇರುವುದರಲ್ಲಿ ಉತ್ತಮವಾದುದನ್ನು ಹೆಕ್ಕುವುದು ಇದರಿಂದ ಸಾಧ್ಯ. ಇಲ್ಲದ ಗುಣವನ್ನು ತರುವುದು ಸಾಧ್ಯವಿಲ್ಲ. ಅದಕ್ಕೆ ಸಂಕರಣ ಬೇಕು.

ರಾಗಿಯಲ್ಲಿ ಸಂಕರಣ ಅತ್ಯಂತ ಶ್ರಮಸಾಧ್ಯ. ಹೂ ಸಾಸಿವೆಯಷ್ಟೂ ದೊಡ್ಡದಲ್ಲ. ರಾತ್ರಿ ಸುಮಾರು ಒಂದು ಗಂಟೆಯಿಂದ ಬೆಳಗಿನ ಜಾವ ಐದರವರೆಗೆ ಅದು ಅರಳುತ್ತದೆ, ತನ್ನ ಪರಾಗದಿಂದಲೇ ತಾನು ಗರ್ಭಕಟ್ಟುತ್ತದೆ. ಎರಡು ಗಿಡಗಳ ತೆನೆಗಳನ್ನು ಒಟ್ಟಿಗೆ ಕಟ್ಟಿ, ಹುಟ್ಟಿದ ಸಾವಿರಾರು ಸಸಿಗಳಲ್ಲಿ ತಂದೆಯ ನೇರಳೆ ಬಣ್ಣ ಹೊತ್ತ ಕೆಲವನ್ನು ಗುರುತಿಸುವ ಉಪಾಯವನ್ನು ಕೊಯಮತ್ತೂರಿನ ರಂಗಸ್ವಾಮಿ ಅಯ್ಯಂಗಾರ್ಯರು ೧೯೩೪ರಲ್ಲಿ ವಿವರಿಸಿದ್ದರು. ಹೀಗೆ ದೊರೆತ ಒಂದು ಸಂಕರ ಸಸಿಯಿಂದ ಸ್ಥಿರವಾದ ತಳಿಯೊಂದನ್ನು ಪಡೆಯುವುದಕ್ಕೆ ಆರೇಳು ಪೀಳಿಗೆ. ಅನಂತರ ಬೇರೆಬೇರೆ ಸ್ಥಳಗಳಲ್ಲಿ ಇಳುವರಿಯ ಪರೀಕ್ಷೆ ಎರಡು ಮೂರು ವರ್ಷ. ಕೊನೆಗೆ ರೈತರ ಹೊಲದ ಪರೀಕ್ಷೆ.

ಈ ದೀರ್ಘವಾದ ಕೆಲಸಕ್ಕೆ ತಮ್ಮ ಜೀವಮಾನವನ್ನು ತೆತ್ತವರು ವಿ. ಸಿ. ಫಾರಮ್ಮಿನ ಸಿ. ಎಚ್. ಲಕ್ಷ್ಮಣಯ್ಯನವರು (೧೯೨೧–೧೯೯೩). ೧೯೫೧ರಿಂದ ೧೯೬೪ರವರೆಗೆ ದೇಶೀ ತಳಿಗಳನ್ನೇ ಒಂದರೊಡನೊಂದು ಕೂಡಿಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಅವರು ಹೊರತಂದರು. ಈ ಅವಧಿಯ ಆರಂಭದಲ್ಲಿ ಅವರಿಗೆ ಮೂವತ್ತು ವರ್ಷ. ಅನಂತರ ಅವರ ದೃಷ್ಟಿ ಆಫ್ರಿಕದ ರಾಗಿಯ ಕಡೆಗೆ ತಿರುಗಿತು. ರಾಗಿಯ ತವರು ಆಫ್ರಿಕ. ಅಲ್ಲಿಯ ತಳಿಗಳ ದಂಟು ಗಟ್ಟಿ, ತೆನೆ ದೊಡ್ಡದು. ಇಲ್ಲಿಯ ಹವೆಗೆ ಒಗ್ಗಿದ ಗುಣ ದೇಶೀ ತಳಿಗಳದು. ಇಂಡಿಯ, ಆಫ್ರಿಕ ಎಂಬ ಎರಡು ಹೆಸರುಗಳ ಆದಿಭಾಗಗಳನ್ನು ಕೂಡಿಸಿ ಇಂಡಾಫ್ ಎಂದು ಹೆಸರಿಟ್ಟ ಶ್ರೇಣಿ ಹೀಗೆ ಹುಟ್ಟಿತು. ದಕ್ಷಿಣ ಕರ್ನಾಟಕದ ರಾಗಿಯ ಇಳುವರಿಯನ್ನು ಈ ತಳಿಗಳು ಮೇಲಕ್ಕೆತ್ತಿದುದು ನಿರ್ವಿವಾದ. ಜನ ಅವರನ್ನು ರಾಗಿ ಲಕ್ಷ್ಮಣಯ್ಯನೆಂದೂ ರಾಗಿ ಬ್ರಹ್ಮನೆಂದೂ ಕರೆದರು.

ಈ ಕತೆಯನ್ನು ವ್ಯಕ್ತಿಯ ಸಾಹಸವೆಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ಅದಕ್ಕೆ ಹಿನ್ನೆಲೆಯಾದ ಏರ್ಪಾಟನ್ನೂ ನೋಡಬೇಕು. ಒಂದು ಸ್ಥಿರವಾದ ಕ್ಷೇತ್ರ, ಎರಡು ಬೆಳೆಗೆ ನೀರು, ಹಿಂದಿನವರು ಆರಿಸಿಟ್ಟ ತಳಿಗಳ ದಾಸ್ತಾನು, ದಶಕಗಳವರೆಗೆ ಒಂದೇ ಬೆಳೆಯ ಮೇಲೆ ಕಣ್ಣಿಟ್ಟಿರುವ ಅವಕಾಶ ಇವಿಲ್ಲದಿದ್ದರೆ ಎಂತಹ ಪ್ರತಿಭೆಗೂ ಇಂಡಾಫ್ ದಕ್ಕುತ್ತಿರಲಿಲ್ಲ. ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಫಾರಮ್ಮು ಅದರ ಆಡಳಿತಕ್ಕೆ ಬಂದ ಮೇಲೆಯೂ ಈ ನಿರಂತರತೆ ಕಡಿಯಲಿಲ್ಲ.

ನಿರಂತರತೆಯ ಬೆಲೆ ಮುಂದಿನ ಪೀಳಿಗೆಯಲ್ಲಿ ಇನ್ನೂ ಸ್ಪಷ್ಟವಾಯಿತು. ಇಂಡಾಫ್ ತಳಿಗಳು ಬೆಂಕಿರೋಗಕ್ಕೆ ಸುಲಭವಾಗಿ ತುತ್ತಾಗುತ್ತಿದ್ದವು. ರೋಗ ತೆನೆಯ ಕುತ್ತಿಗೆಗೆ ತಗುಲಿದರೆ ಕಾಳು ಜೊಳ್ಳಾಗುತ್ತದೆ. ಇಲುಕಿಗೆ ತಗುಲಿದರೆ ತುದಿ ಒಣಗುತ್ತದೆ. ೧೯೮೬ರಲ್ಲಿ ಕಿರುಧಾನ್ಯಗಳಿಗೆಂದೇ ಬೆಂಗಳೂರಿನಲ್ಲಿ ಅಖಿಲ ಭಾರತ ಸಮನ್ವಯ ಯೋಜನೆ ಏರ್ಪಟ್ಟ ಬಳಿಕ, ಇಂಡಾಫ್ ೫ ಮತ್ತು ಇಂಡಾಫ್ ೯ ಎಂಬ ತಳಿಗಳನ್ನು ರೋಗ ತಡೆಯುವ ಇನ್ನೊಂದು ಮೂಲದೊಡನೆ ಕೂಡಿಸಿ ಜಿ. ಪಿ. ಯು. ೨೮ ಎಂಬ ತಳಿಯನ್ನು ಪಡೆದರು. ೧೯೯೦ರ ದಶಕದಲ್ಲಿ ಬಿಡುಗಡೆಯಾದ ಅದು ಕರ್ನಾಟಕದ ರಾಗಿಯ ಹೊಲಗಳಲ್ಲೆಲ್ಲ ಹರಡಿತು. ವಿ. ಸಿ. ಫಾರಮ್ಮಿನಲ್ಲಿ ಕೆ. ಎಂ. ಆರ್. ಎಂಬ ಹೆಸರಿನ ರಾಗಿಗಳೂ ಕೆ. ಆರ್. ಎಚ್. ಎಂಬ ಸಂಕರ ಭತ್ತಗಳೂ ಮುಂದೆ ಹೊರಬಂದವು. ಒಬ್ಬರ ತಳಿಯ ದೋಷವನ್ನು ಇನ್ನೊಬ್ಬರು ಆ ತಳಿಯಿಂದಲೇ ತಿದ್ದಿದರು. ಲಕ್ಷ್ಮಣಯ್ಯನವರ ಬೀಜದ ಪೊಟ್ಟಣಗಳೂ ದಾಖಲೆಯ ಪುಸ್ತಕಗಳೂ ಅನಾಥವಾಗಿದ್ದರೆ ಈ ತಿದ್ದುಪಡಿಗೆ ಆಧಾರವೇ ಇರುತ್ತಿರಲಿಲ್ಲ.

೫. ಹೊರಟುಹೋದವರು, ಒಳಗೆ ಬರಲಾಗದವರು

ಚರಿತ್ರೆಯ ಇನ್ನೊಂದು ಮುಖವನ್ನೂ ಕಾಣಬೇಕು. ಜೀರ್‌ಸನ್ನಿಧಿ ಮನೆತನದ ಹೆಸರನ್ನೇ ಹೊತ್ತ ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ಯರು (೧೯೧೪–೧೯೯೯) ಮೈಸೂರು ನಾಡಿನಲ್ಲಿ ಶಿಲೀಂಧ್ರಶಾಸ್ತ್ರಜ್ಞರಾಗಿ ಬೆಳೆದರೂ ಅವರ ಪ್ರೌಢ ವರ್ಷಗಳು ಬನಾರಸ್ಸಿನಲ್ಲಿಯೂ ಅಮೆರಿಕದ ಮಿನೆಸೋಟದಲ್ಲಿಯೂ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿಯೂ ಕಳೆದುವು. ಬೆಳೆಯ ಶಿಲೀಂಧ್ರ ರೋಗಗಳಿಗೆ ಮದ್ದಾದ ಆರಿಯೊಫಂಗಿನ್ ಅಲ್ಲಿ ಸಿದ್ಧವಾಯಿತು. ಮೇಲುಕೋಟೆ ಮಂಡ್ಯಗಳೊಡನೆ ಮಂಡಯಂ ಸಮುದಾಯದ ಸಂಬಂಧ ಹಳೆಯದು. ಅದರ ವಿದ್ವತ್ತಿನ ಒಂದು ಕವಲು ಆಧುನಿಕ ಸಸ್ಯವಿಜ್ಞಾನದಲ್ಲಿ ಹೀಗೆ ಚಿಗುರಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಬಿ. ಜಿ. ಎಲ್. ಸ್ವಾಮಿಯವರು ಹಾರ್ವರ್ಡಿನಲ್ಲಿ ಬೈಲಿಯವರೊಡನೆ ಕೆಲಸಮಾಡಿ ಬಂದರು. ಅವರ ಅಧ್ಯಾಪನದ ದೀರ್ಘಕಾಲ ಸಂದದ್ದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ. ವಿದ್ಯೆಗೆ ಎಲ್ಲೆಯಿಲ್ಲ, ಹೊರಗೆ ಹೋದವರಿಂದ ಲೋಕಕ್ಕೆ ಲಾಭವೇ ಆಯಿತು. ಆದರೂ ಬೆಳೆಸಿದ ಊರು ಉಳಿಸಿಕೊಳ್ಳಲಾರದೆ ಹೋದುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನೊಂದು ಸಂಗತಿ. ಮೇಲೆ ನಾವು ಹೇಳಿದ ವಿಜ್ಞಾನಿಗಳ ಹೆಸರುಗಳಲ್ಲಿ ಒಂದೂ ಸ್ತ್ರೀಯರದಲ್ಲ. ರಾಗಿಯ ಪೈರನ್ನು ನೆಡುವವರು, ಕಳೆ ಕೀಳುವವರು, ಬೀಜಕ್ಕೆಂದು ಒಳ್ಳೆಯ ತೆನೆಯನ್ನು ಆರಿಸಿ ಮನೆಯಲ್ಲಿ ಕಾಪಾಡುವವರು ಬಹುಮಟ್ಟಿಗೆ ಹೆಂಗಸರೇ. ನೆರೆಯ ಕೊಯಮತ್ತೂರಿನ ಕಬ್ಬಿನ ತಳಿ ಕೇಂದ್ರದಲ್ಲಿ ೧೯೩೦ರ ದಶಕದಲ್ಲಿಯೇ ಜಾನಕಿ ಅಮ್ಮಾಳ್ ಅವರು ಕೆಲಸಮಾಡಿದ್ದರು. ಇಂದು ಕೃಷಿ ಕಾಲೇಜುಗಳ ತರಗತಿಗಳಲ್ಲಿ ವಿದ್ಯಾರ್ಥಿನಿಯರ ಸಂಖ್ಯೆ ದೊಡ್ಡದು. ೧೯೯೧ರಲ್ಲಿ ವಿ. ಸಿ. ಫಾರಮ್ಮಿನಲ್ಲಿ ಕೃಷಿ ಕಾಲೇಜು ಆರಂಭವಾದ ಮೇಲೆ, ನಾಗಮಂಗಲದ ರೈತನ ಮಗಳು ಮನೆಯಿಂದಲೇ ಹೋಗಿಬಂದು ತಳಿವಿಜ್ಞಾನವನ್ನು ಕಲಿಯುವುದು ಸಾಧ್ಯವಾಗಿದೆ. ಕಲಿತ ಮೇಲೆ ಅವಳಿಗೆ ಹೊಲವೊಂದು ಕಾದಿದೆಯೇ ಎಂಬುದೇ ಪ್ರಶ್ನೆ.

೬. ಚರಿತ್ರೆಯಿಂದ ದೊರೆಯುವ ಸೂಚನೆಗಳು

ಚರಿತ್ರಕಾರನು ಆಡಳಿತಗಾರನಿಗೆ ಉಪದೇಶ ಮಾಡುವುದು ಉಚಿತವಲ್ಲವೆಂದು ಹೇಳುವವರುಂಟು. ಆದರೂ ಮೇಲಿನ ಸಮೀಕ್ಷೆಯಿಂದ ತಾವಾಗಿಯೇ ಹೊರಡುವ ಕೆಲವು ಸೂಚನೆಗಳನ್ನು ಸಂಗ್ರಹಿಸಿ ಹೇಳುವುದರಲ್ಲಿ ದೋಷವಿಲ್ಲ.

ಸಸ್ಯವಿಜ್ಞಾನದಲ್ಲಿ ಕಾಲವನ್ನು ಅಳೆಯತಕ್ಕದ್ದು ಬೆಳೆ, ಲೆಕ್ಕಪತ್ರದ ವರ್ಷವಲ್ಲ. ಇಂದು ತರುಣ ಸಂಶೋಧಕರು ಬಹುಮಂದಿ ಯೋಜನೆಯೊಂದಕ್ಕೆ ಸೇರಿ ಕರಾರಿನ ಮೇಲೆ ಕೆಲಸಮಾಡುತ್ತಾರೆ. ಯೋಜನೆಯ ಅವಧಿ ಸಾಮಾನ್ಯವಾಗಿ ಎರಡು ಮೂರು ವರ್ಷ. ಅಷ್ಟರಲ್ಲಿ ರಾಗಿಯ ಸಂಕರ ಸಸಿ, ಎರಡು ಬೆಳೆ ತೆಗೆದರೂ, ಐದಾರನೆಯ ಪೀಳಿಗೆಯಲ್ಲಿರುತ್ತದೆ. ಅದನ್ನು ಹುಟ್ಟಿಸಿದವನು ಹೊರಟುಹೋದರೆ, ಯಾವ ಸಾಲನ್ನು ಏಕೆ ಉಳಿಸಿದನೆಂಬ ಅರಿವು ಅವನೊಡನೆಯೇ ಹೋಗುತ್ತದೆ. ಒಂದು ಬೆಳೆಯ ಪೂರ್ಣ ಚಕ್ರವನ್ನು ಕಾಣುವಷ್ಟು ಕಾಲವನ್ನು ತರುಣರಿಗೆ ಕೊಡದಿದ್ದರೆ ಅವರು ಕಲಿಯುವುದು ವರದಿ ಬರೆಯುವುದನ್ನು ಮಾತ್ರ.

ಮಾಡಿದ ಕೆಲಸಕ್ಕೆ ಹೆಸರು ಕೊಡುವುದು ಇನ್ನೊಂದು. ೧೯೧೧ರ ಪುಸ್ತ���ಕೆಯ ಮುಖಪುಟ ಇದಕ್ಕೆ ಮಾದರಿ. ಮೂರನೆಯದು, ಹೊರಗೆ ಕಳುಹಿಸುವಾಗ ಹಿಂದಿರುಗುವ ಸ್ಥಾನವನ್ನೂ ನಿಶ್ಚಯಿಸುವುದು. ನಾಲ್ಕನೆಯದು, ಹಿರಿಯರ ಬಳಿ ಕಲಿಯುವ ಅವಕಾಶವನ್ನು ಹಿರಿಯರ ಮರ್ಜಿಗೆ ಬಿಡದೆ ಅವರ ಕರ್ತವ್ಯದ ಭಾಗವನ್ನಾಗಿ ಮಾಡುವುದು. ನಿವೃತ್ತರಾಗುವವರು ತಮ್ಮ ಬೀಜಗಳನ್ನೂ ದಾಖಲೆಗಳನ್ನೂ ಒಬ್ಬ ಕಿರಿಯನ ಕೈಗೆ ಒಪ್ಪಿಸಿ ಹೋಗುವಂತೆ ನೋಡಿಕೊಳ್ಳುವುದು. ಕಡೆಯದಾಗಿ, ಪ್ರತಿಯೊಬ್ಬ ತರುಣ ತಳಿಗಾರನೂ ತನ್ನ ಆರಂಭದ ವರ್ಷಗಳಲ್ಲಿ ಒಂದೆರಡು ಬೆಳೆಯನ್ನಾದರೂ ಫಾರಮ್ಮಿನ ಬೇಲಿಯಾಚೆ, ಕೃಷ್ಣರಾಜಪೇಟೆಯ ಒಣಹೊಲದಲ್ಲಿಯೋ ನಾಗಮಂಗಲದ ಬಾರೆಯಲ್ಲಿಯೋ, ರೈತನೊಡನೆ ನಿಂತು ತೆಗೆಯುವಂತಾಗಬೇಕು.

೨೦೨೩ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ರಾಗಿಗೆ ಹೊಸ ಗೌರವ ಬಂದಿತು. ರಾಗಿಯನ್ನು ಗೌರವಿಸುವುದು ಸುಲಭ. ಬೆಳಗಿನ ಜಾವದ ಕತ್ತಲೆಯಲ್ಲಿ ಅದರ ಹೂವಿನ ಮುಂದೆ ಕುಳಿತ ತರುಣನನ್ನೋ ತರುಣಿಯನ್ನೋ ಹತ್ತು ವರ್ಷ ಸಾಕುವುದು ಕಷ್ಟ. ಮೈಸೂರು ನಾಡು ಈ ಕಷ್ಟದ ಕೆಲಸವನ್ನು, ಅಪೂರ್ಣವಾಗಿಯಾದರೂ, ಒಮ್ಮೆ ಮಾಡಿ ತೋರಿಸಿದೆ. ಅದನ್ನು ಮುಂದುವರಿಸುವುದಕ್ಕೆ ಬೇಕಾದ ನೆಲ, ನೀರು, ಕಾಲೇಜು, ವಿದ್ಯಾರ್ಥಿಗಳು ಎಲ್ಲರೂ ಇಲ್ಲಿಯೇ ಇದ್ದಾರೆ. ಹಿಂದಿನವರ ಪುಸ್ತಿಕೆಗಳನ್ನೂ ದಾಖಲೆಗಳನ್ನೂ ತಾಲ್ಲೂಕುಗಳ ಅನುಭವದೊಡನೆ ಹೋಲಿಸಿ ಓದುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಂಡರೆ, ಈ ಲೇಖನದಲ್ಲಿ ಸ್ಥೂಲವಾಗಿ ಸೂಚಿಸಿರುವ ವಿಷಯ ಇನ್ನಷ್ಟು ಪುಷ್ಟಿಗೊಳ್ಳುವುದರಲ್ಲಿ ಸಂದೇಹವಿಲ್ಲ.